ಹಳ್ಳದ ಆಚೆ ಹುಟ್ಟಿದವಳು

ಹೀರಾ ರಾಠೋಡ ಓದುತ್ತಿದ್ದ ವಿಷಯದ ಹೆಸರು ಉದ್ದವಾಗಿತ್ತು: ಆದಿವಾಸಿ ಜನಾಂಗಗಳು, ಸಂಸ್ಕೃತಿ ಮತ್ತು ಸಾಮಾಜಿಕ ನ್ಯಾಯ. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಎರಡನೇ ವರ್ಷ. ರಜೆಗೆ ತಾಂಡಾಕ್ಕೆ ಬಂದಾಗ ಯಾರಾದರೂ ಏನು ಓದುತ್ತೀ ಎಂದು ಕೇಳಿದರೆ "ನಮ್ಮಂಥ ಮಂದಿ ಬಗ್ಗೆ" ಎಂದಷ್ಟೇ ಹೇಳುತ್ತಿದ್ದಳು. ತಾಂಡಾದ ಹಿರಿಯ ಧರ್ಮು ನಾಯಕನಿಗೆ ಅದು ದೊಡ್ಡ ತಮಾಷೆ. "ನಮ್ಮ ಬಗ್ಗೆ ಓದಾಕ ಅಷ್ಟು ದೂರ ಯಾಕ ಹೋಗ್ತಿ ಪೋರಿ? ಇಲ್ಲೇ ಕಟ್ಟೀ ಮ್ಯಾಲ ಕೂಡು, ನಾ ಪಾಠ ಹೇಳ್ತೀನಿ," ಎಂದು ಮೀಸೆ ಸವರಿಕೊಂಡು ನಗುತ್ತಿದ್ದ.

ಅವರ ತಾಂಡಾ ಇರುವುದು ತೆಲಂಗಾಣದ ಮೊಗುಡಂಪಲ್ಲಿ ದಾಟಿ, ಹಳ್ಳದ ದಂಡೆಗೆ. ಹಳ್ಳದ ಆಚೆ ಬೀದರ ಜಿಲ್ಲೆ, ಅಂದರೆ ಕರ್ನಾಟಕ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ನೀರೇ ಇರುವುದಿಲ್ಲ. ಮೇಕೆಗಳು ಒಂದು ರಾಜ್ಯದಲ್ಲಿ ಮೇಯ್ದು ಇನ್ನೊಂದರಲ್ಲಿ ಮಲಗುತ್ತವೆ. ಹೀರಾಳ ತಂದೆ ಸಂಗು, ತಾಯಿ ತಾರಾಬಾಯಿ ಇಬ್ಬರೂ ಆಚೆ ಕಡೆಯ ತಾಂಡಾದವರು. ಅಲ್ಲಿ ಕೆರೆ ಕಟ್ಟಿ ಹೊಲ ಮುಳುಗಿದಾಗ, ಹೀರಾ ಇನ್ನೂ ತೊಡೆಯ ಮೇಲಿನ ಕೂಸು, ಅವಳನ್ನು ಎತ್ತಿಕೊಂಡು ಈಚೆಗೆ ಬಂದು ಗುಡಿಸಲು ಹಾಕಿದ್ದರು. ಅವರ ಹಾಗೆಯೇ ಬಂದ ಮನೆಗಳು ತಾಂಡಾದಲ್ಲಿ ಇನ್ನೂ ಕೆಲವಿದ್ದವು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಯಾರೂ ಹೇಳಿಕೊಂಡು ತಿರುಗಿರಲೂ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಊರು ಎಂಬಲ್ಲಿ ಈ ತಾಂಡಾದ ಹೆಸರು ಬರೆದರು, ಜಾತಿ ಎಂಬಲ್ಲಿ ಲಂಬಾಣಿಗೆ ತೆಲುಗಿನ ಹೆಸರಾದ ಲಂಬಾಡಿ ಎಂದು ಬರೆದರು. ಎರಡೂ ಸುಳ್ಳಾಗಿರಲಿಲ್ಲ. ಸಂಗು ಮುಂದೆ ತಾಂಡೂರಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕೆಲಸ ಹಿಡಿದ. ತಾರಾಬಾಯಿ ತಾಂಡಾದಲ್ಲೇ ಉಳಿದು ಮಗಳನ್ನು ಓದಿಸಿದಳು.

ದೂರು ಬಂದದ್ದು ಚಳಿಗಾಲದ ಶುರುವಿನಲ್ಲಿ. ಅಂದು ಬೆಳಿಗ್ಗೆ ಹೀರಾ ತರಗತಿಯಲ್ಲಿ ಮಾತಾಡಿದ್ದಳು. ಯಾರು ಬುಡಕಟ್ಟಿನವರು, ಯಾರು ಅಲ್ಲ ಎಂದು ತೀರ್ಮಾನಿಸಲು ಬ್ರಿಟಿಷ್ ಅಧಿಕಾರಿಗಳು ಮಂದಿಯ ಮೂಗು ಅಳೆದದ್ದು, ಉಡುಪು ನೋಡಿದ್ದು, ಸತ್ತವರನ್ನು ಸುಡುತ್ತೀರೋ ಹೂಳುತ್ತೀರೋ ಎಂದು ಕೇಳಿ ಬರೆದುಕೊಂಡದ್ದು, ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಪ್ರಾಧ್ಯಾಪಕಿ ವರದಾ ಮೇಡಂ ತುಂಬ ಮೆಚ್ಚಿಕೊಂಡಿದ್ದರು. ಮಧ್ಯಾಹ್ನ ಕಚೇರಿಯಿಂದ ಕರೆ ಬಂತು. ಗುಮಾಸ್ತ ತಲೆ ಎತ್ತದೆ ಹೇಳಿದ: ಪರಿಶಿಷ್ಟ ಪಂಗಡದ ಸೀಟಿನಲ್ಲಿ ಸೇರಿದ್ದೀ, ಆದರೆ ನೀನು ಕರ್ನಾಟಕದವಳು ಎಂದು ದೂರು ಬಂದಿದೆ, ಜಿಲ್ಲೆಯ ಪರಿಶೀಲನಾ ಸಮಿತಿ ವಿಚಾರಣೆ ಮಾಡುತ್ತದೆ.

ಹೀರಾಳಿಗೆ ಕಾನೂನು ಗೊತ್ತಿತ್ತು. ಅದನ್ನೇ ತಾನೇ ಅವಳು ಓದುತ್ತಿದ್ದದ್ದು. ಹಳ್ಳದ ಈಚೆ ಲಂಬಾಣಿಗಳು ಪರಿಶಿಷ್ಟ ಪಂಗಡ, ಆಚೆ ಪರಿಶಿಷ್ಟ ಜಾತಿ. ಒಂದು ರಾಜ್ಯ ಕೊಟ್ಟ ಹಕ್ಕು ಇನ್ನೊಂದು ರಾಜ್ಯಕ್ಕೆ ಮನುಷ್ಯನ ಜೊತೆ ದಾಟುವುದಿಲ್ಲ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ವಾಕ್ಯ ಅದು. ಅದು ತನ್ನ ಕುತ್ತಿಗೆಗೇ ಬಂದೀತೆಂದು ಎಣಿಸಿರಲಿಲ್ಲ.

ವರದಾ ಮೇಡಂ ಸುದ್ದಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನೇ ಪ್ರಬಂಧ ಮಾಡು ಹೀರಾ. ಗಡಿ, ಗುರುತು, ಪ್ರಭುತ್ವ, ಎಲ್ಲಾ ಇದರಲ್ಲೇ ಇದೆ," ಎಂದರು.

"ಸೀಟೇ ಹೋದರೆ ಪ್ರಬಂಧ ಯಾರಿಗೆ ಕೊಡಲಿ ಮೇಡಂ?"

ಮೇಡಂ ಮುಖ ಕೆಂಪಾಯಿತು. ಒಳ್ಳೆಯ ಹೆಂಗಸು ಅವರು. ತಮಗೆ ಗೊತ್ತಿದ್ದ ವಕೀಲರೊಬ್ಬರ ನಂಬರು ಕೊಟ್ಟರು.

ದೂರು ಕೊಟ್ಟವಳ ಹೆಸರು ತಿಳಿಯಲು ಕಷ್ಟವಾಗಲಿಲ್ಲ. ಸುನಂದಾ ಚವ್ಹಾಣ, ನಾರಾಯಣಖೇಡದ ಕಡೆಯ ತಾಂಡಾದವಳು. ಅವಳೂ ಲಂಬಾಣಿಯೇ. ಹೀರಾ ಸೇರಿದ ವರ್ಷ ಅದೇ ಸೀಟಿಗೆ ಕಾದಿದ್ದವರಲ್ಲಿ ಅವಳೇ ಮೊದಲಿನವಳು. ಹೊರಗಿನ ಜಾತಿಯವರು ಯಾರೋ ಮಾಡಿದ್ದರೆ ಹೀರಾಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಜಹೀರಾಬಾದಿಗೆ ಬಂದು ಅಲ್ಲಿಂದ ನಾರಾಯಣಖೇಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಳು. ತನ್ನ ಭಾಷೆಯಲ್ಲಿ ಇಷ್ಟು ಬೈಗುಳಗಳಿವೆ ಎಂದು ಅವಳಿಗೇ ಗೊತ್ತಿರಲಿಲ್ಲ.

ತಾಂಡಾ ಖಾಲಿ ಹೊಡೆಯುತ್ತಿತ್ತು. ಕಬ್ಬು ಕಡಿಯುವ ಕಾಲ. ಗಂಡಸರು ಹೆಂಗಸರು ಎಲ್ಲ ದೂರದ ಊರುಗಳ ಕಬ್ಬಿನ ಗದ್ದೆಗೆ ಹೋಗಿದ್ದರು. ಮನೆಗಳ ಬಾಗಿಲಿಗೆ ಮುಳ್ಳಿನ ಕೊಂಬೆ ಒಡ್ಡಿತ್ತು. ಮುದುಕರು ಬಿಸಿಲಿಗೆ ಕೂತಿದ್ದರು. ಶಾಲೆಯ ಪಡಸಾಲೆಯಲ್ಲಿ, ಹೆತ್ತವರು ಬಿಟ್ಟುಹೋದ ಮಕ್ಕಳಿಗೆ ಅನ್ನ ಬಡಿಸುತ್ತಿದ್ದ ತೆಳ್ಳನೆಯ ಹುಡುಗಿಯೇ ಸುನಂದಾ.

"ಬರ್ತಿ ಅಂತ ಗೊತ್ತಿತ್ತು," ಎಂದಳು ಅವಳು. ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. "ಮೊದಲು ನೀರು ಕುಡಿ."

"ನೀರು ಕುಡಿಯಾಕ ಬಂದಿಲ್ಲ. ನಾ ಏನು ಬ್ಯಾರೆ ಜಾತ್ಯಾಕಿ ಏನು? ನಿನ್ನ ಹಂಗೇ ಲಂಬಾಣಿ. ನಮ್ಮ ನಮ್ಮೊಳಗೇ ಹಿಂಗ ಮಾಡಿದ್ರ?"

"ನೀ ಲಂಬಾಣಿ ಅಲ್ಲ ಅಂತ ನಾ ಎಲ್ಲಿ ಹೇಳೀನಿ? ಆಚೀ ಕಡ್ಯಾಕಿ ಅಂತ ಹೇಳೀನಿ. ಅದು ಸುಳ್ಳೇನು?" ಸುನಂದಾಳ ದನಿ ಏರಲಿಲ್ಲ. "ಅಲ್ಲಿ ನಿಮಗ ನಿಮ್ಮ ಸೀಟು ಅದಾವ. ನಾ ಅಲ್ಲಿ ಹೋದ್ರ ಯಾರೂ ಒಳಗ ಬಿಡಂಗಿಲ್ಲ. ಮತ್ತ ನೀ ಇಲ್ಲಿ ಬಂದು ನಂದೂ ತಗೊಂಡಿ."

"ಅಲ್ಲಿ ನನಗ ಯಾವ ಸೀಟೂ ಇಲ್ಲ. ಓದಿದ್ದೆಲ್ಲಾ ಇಲ್ಲೇ. ಅಲ್ಲಿ ಹೋದ್ರ ತೆಲಂಗಾಣದಾಕಿ ಅಂತಾರ, ಇಲ್ಲಿ ಇದ್ರ ಕರ್ನಾಟಕದಾಕಿ ಅಂತಾರ. ಮತ್ತ ನಾ ಎಲ್ಯಾಕಿ ಹೇಳು?"

ಒಂದು ಕೂಸು ತಟ್ಟೆ ಮುಂದೆ ಹಿಡಿಯಿತು, ಸುನಂದಾ ಅನ್ನ ಹಾಕಿದಳು.

"ಅದು ನನಗ ಗೊತ್ತಿರ್ಲಿಲ್ಲ," ಎಂದಳು ಆಮೇಲೆ. ಸ್ವಲ್ಪ ಯೋಚಿಸಿ, "ಗೊತ್ತಿದ್ರೂ ದೂರು ಕೊಡ್ತಿದ್ದೆ," ಎಂದಳು. "ಸುಳ್ಳು ಯಾಕ ಹೇಳ್ಲಿ? ಈ ತಾಂಡಾದಾಗ ಡಿಗ್ರಿ ಮಾಡಿದ ಪೋರಿ ನಾ ಒಬ್ಬಾಕೀನೇ. ಈ ಬ್ಯಾಸಗ್ಯಾಗ ಮದುವಿ ಮಾಡ್ತಾರಂತ. ಕಬ್ಬಿನ ಗುತ್ತೇದಾರ ಗಂಡ ಹೆಂಡ್ತಿ ಜೋಡಿ ಇದ್ರೇ ಕೆಲಸ ಕೊಡ್ತಾನ, ಒಬ್ಬೊಬ್ಬರನ್ನ ತಗೊಳಂಗಿಲ್ಲ. ಅದಕ್ಕೇ ಹುಡುಗಗ ಅವಸರ. ನೀ ಆ ಸೀಟಿನಾಗ ಕೂತು ನಮ್ಮ ಕಷ್ಟದ ಬಗ್ಗೆ ಓದ್ತಿ. ನನಗ ಆ ಕಷ್ಟ ಓದೋದು ಬ್ಯಾಡ, ಅದರಿಂದ ಹೊರಗ ಹೋಗೋದು ಬೇಕು."

ಹೊಂದಿಸಿಕೊಂಡಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು, ಯಾರ ಮೇಲೆ ಹಾಕಬೇಕೆಂದು ತಿಳಿಯದೆ. ಹೀರಾ ನೀರು ಕುಡಿಯದೆಯೇ ತಿರುಗಿ ಬಂದಳು.

ತಾಂಡಾದಲ್ಲಿ ಧರ್ಮು ನಾಯಕ ಆಗಲೇ ಉಪಾಯ ಹುಡುಕಿಟ್ಟಿದ್ದ. ಸಂಗು ತಾಂಡೂರಿನಿಂದ ಬಂದಿದ್ದ. ಕಲ್ಲಿನ ಪುಡಿಯಿಂದ ಅವನ ಹುಬ್ಬು ಇನ್ನೂ ಬೆಳ್ಳಗಿತ್ತು. "ಸಂಗ್ಯಾ ಸಣ್ಣಾಂವ ಇದ್ದಾಗಿಂದ ಇಲ್ಲೇ ಅದಾನ ಅಂತ ನಾ ಗವಾಹಿ ಹೇಳ್ತೀನಿ," ಎಂದ ನಾಯಕ. "ಪೋರಿ ಮನ್ಯಾಗ ಹುಟ್ಯಾಳ, ದವಾಖಾನ್ಯಾಗಲ್ಲ. ಯಾರು ನೋಡ್ಯಾರ? ತಾರಾಬಾಯಿ ಒಂದು ಮಾತು ಹೇಳಿದ್ರ ಆತು: ನನ್ನ ಮಗಳು ಇದೇ ತಾಂಡಾದಾಗ ಹುಟ್ಯಾಳ. ಮುಗೀತು."

ತಾರಾಬಾಯಿ ಗೋಡೆಗೆ ಒರಗಿ ಕೂತಿದ್ದವಳು ಎದ್ದು ಮೇಕೆಗೆ ನೀರಿಡಲು ಹೋದಳು.

ಅವಳಿಗೆ ಹೇಳಿಕೊಟ್ಟವಳು ಹೀರಾಳೇ. ವಿಚಾರಣೆಯಲ್ಲಿ ಯಾರು ಯಾರು ಇರುತ್ತಾರೆ, ಏನೇನು ಕೇಳುತ್ತಾರೆ, ಎಲ್ಲ. ಜೋಳ ಕೇರುವಾಗ, ಮೇಕೆಗೆ ಸೊಪ್ಪು ಕಟ್ಟುವಾಗ ಪಕ್ಕದಲ್ಲಿ ನಿಂತು, "ಯಾಡಿ, ಈಗ ಹೇಳು," ಎನ್ನುತ್ತಿದ್ದಳು. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. ತಾರಾಬಾಯಿ ಹೇಳುತ್ತಿದ್ದಳು: "ನನ್ನ ಮಗಳು ಇದೇ ತಾಂಡಾದಾಗ ಹುಟ್ಯಾಳ್ರಿ." ಹೇಳುವಾಗ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು.

"ಕೆಳಗ ನೋಡಬ್ಯಾಡ. ಅವರ ಮುಖ ನೋಡಿ ಹೇಳು."

"ನೋಡ್ತೀನಿ."

ಇದು ಅಂಥ ಸುಳ್ಳೇನಲ್ಲ ಎಂದು ಹೀರಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಿಂದೆ ನಿಜಾಮರ ಕಾಲದಲ್ಲಿ ಹಳ್ಳದ ಎರಡೂ ದಂಡೆ ಒಂದೇ ಬೀದರ ಜಿಲ್ಲೆಯಾಗಿತ್ತು. ಭಾಷೆಯ ಮೇಲೆ ರಾಜ್ಯ ಹಂಚಿದಾಗ ನಡುವೆ ಗೆರೆ ಬಿತ್ತು. ಗೆರೆ ಎಳೆದವರು ಲಂಬಾಣಿ ಮಾತಾಡುವವರು ಯಾವ ಕಡೆ ಎಂದು ಕೇಳಿರಲಿಲ್ಲ. ಹಾಗಿರುವಾಗ ಇಲ್ಲಿ ಹುಟ್ಟಿದಳೋ ಅಲ್ಲಿ ಹುಟ್ಟಿದಳೋ ಎಂಬುದರಲ್ಲಿ ಏನಿದೆ?

ವಿಚಾರಣೆಯ ಕೋಣೆ ಸಣ್ಣದು. ಮೇಜಿನ ಆಚೆ ಅಧಿಕಾರಿಣಿಯೊಬ್ಬಳು, ಪಕ್ಕದಲ್ಲಿ ಬುಡಕಟ್ಟುಗಳ ತಜ್ಞನೆಂದು ಕರೆಸಿದ್ದ ಹಿರಿಯ, ತುದಿಯಲ್ಲಿ ಭಾಷಾಂತರಕ್ಕೆ ಕೂತ ವೈಜಿನಾಥ. ಅವನು ತಾಂಡೂರಿನವನು, ಹಣೆಯಲ್ಲಿ ವಿಭೂತಿ, ಮನೆಮಾತು ಕನ್ನಡ. ತಾರಾಬಾಯಿಗೆ ತೆಲುಗು ಅಷ್ಟಾಗಿ ಬರುವುದಿಲ್ಲವೆಂದು ಅವನನ್ನು ಕೂರಿಸಿದ್ದರು. ಅದೇ ಒಂದು ಗುಟ್ಟು ಬಿಟ್ಟುಕೊಟ್ಟಂತೆ ಎಂದು ಹೀರಾಳಿಗೆ ಆಗಲೇ ಅಳುಕಿತ್ತು.

ತಜ್ಞ ಮೊದಲು ಹೀರಾಳನ್ನು ಕೇಳಿದ. ನಿಮ್ಮಲ್ಲಿ ಕುಲಗಳು ಯಾವುವು? ತೀಜ್ ಹಬ್ಬದಲ್ಲಿ ಏನು ಬಿತ್ತುತ್ತೀರಿ? ಸೀತಳಾ ದೇವಿಗೆ ಏನು ಒಪ್ಪಿಸುತ್ತೀರಿ? ಸತ್ತವರನ್ನು ಸುಡುತ್ತೀರೋ ಹೂಳುತ್ತೀರೋ? ಹೀರಾ ತಾನೇ ತರಗತಿಯಲ್ಲಿ ಬಿಡಿಸಿ ಹೇಳಿದ್ದ ಪ್ರಶ್ನೆ ಅದು. ಉತ್ತರ ಹೇಳಿದಳು: ಮದುವೆಯಾದವರನ್ನು ಸುಡುತ್ತೇವೆ, ಆಗದವರನ್ನು, ಮಕ್ಕಳನ್ನು ಹೂಳುತ್ತೇವೆ. ತಜ್ಞ ಗುರುತು ಹಾಕಿಕೊಂಡ. ಮದುವಣಗಿತ್ತಿ ತವರು ಬಿಡುವಾಗ ಅಳುತ್ತಾ ಹೇಳುವ ಹಾಡು ಬರುತ್ತದೆಯೇ ಎಂದ. ಬರುತ್ತದೆ ಎಂದಳು. ಹಾಡು ಎಂದ. ತಿರುಗುವ ಫ್ಯಾನಿನ ಕೆಳಗೆ, ಚಹಾ ಕಪ್ಪುಗಳ ಎದುರು, ಅವಳು ಎರಡು ಸಾಲು ಹಾಡಿದಳು. ಹಾಡುವಾಗ ಮೈಮೇಲಿನ ಬಟ್ಟೆ ಬಿಚ್ಚಿ ನಿಂತ ಹಾಗೆ ಅನ್ನಿಸಿತು. "ಚೆನ್ನಾಗಿದೆ. ಲಂಬಾಡಿ ಎಂಬುದರಲ್ಲಿ ಅನುಮಾನವಿಲ್ಲ," ಎಂದ ತಜ್ಞ, ಮೆಚ್ಚುಗೆಯಿಂದಲೇ.

ಧರ್ಮು ನಾಯಕ ಹೇಳಬೇಕಾದ್ದನ್ನು ನೇರಾ ನೇರ ಹೇಳಿದ. ಸಂಗುವೂ ಹೂಂ ಎಂದ. ಕೊನೆಗೆ ತಾರಾಬಾಯಿ.

"ಈ ಹುಡುಗಿ ಎಲ್ಲಿ ಹುಟ್ಟಿದಳು, ಕೇಳಿ," ಎಂದಳು ಅಧಿಕಾರಿಣಿ ತೆಲುಗಿನಲ್ಲಿ.

ವೈಜಿನಾಥ ಕೇಳಿದ: "ತಾಯಿ, ಈ ನಿಮ್ಮ ಮಗಳು ಎಲ್ಲಿ ಹುಟ್ಯಾಳ್ರಿ?"

"ನನ್ನ ಮಗಳು," ಎಂದಳು ತಾರಾಬಾಯಿ. ಅಲ್ಲಿಗೆ ನಿಂತಳು. ಮುಖ ನೋಡಿ ಹೇಳು ಎಂದು ಹೀರಾ ಕಲಿಸಿದ್ದಳಲ್ಲ, ವೈಜಿನಾಥನ ಮುಖವನ್ನೇ ನೋಡುತ್ತಿದ್ದಳು. "ನನ್ನ ಮಗಳು ಇದೇ..." ಮತ್ತೆ ನಿಂತಳು.

"ಹೇಳ್ರಿ."

"ಅವತ್ತು ನನಗ ಇಬ್ಬರು ಹುಟ್ಟಿದ್ರು ರಿ."

ಸಂಗು ತಲೆ ತಗ್ಗಿಸಿದ. ಹೀರಾಳಿಗೆ ಮಾತು ಅರ್ಥವಾಗಲಿಲ್ಲ; ತಾಯಿ ಏನೋ ತಪ್ಪಿ ಹೇಳುತ್ತಿದ್ದಾಳೆ ಎಂದುಕೊಂಡಳು.

"ಮೊದಲು ಇಕಿ. ಹಿಂದಿಂದಲೇ ಇನ್ನೊಂದು, ಅದೂ ಹೆಣ್ಣೇ. ಅದಕ ಹಾಲು ಜಗ್ಗಾಕ ಬರ್ಲಿಲ್ಲ. ಇಕಿ ಕುಡೀತಿದ್ಳು, ಅದು ನೋಡಿಕೋತ ಮಲಗ್ತಿತ್ತು. ಉಳೀಲಿಲ್ಲ. ಆಚೀ ದಂಡೀಗೆ ಮಣ್ಣಾಗ ಇಟ್ಟು ಬಂದೀವಿ." ತಾರಾಬಾಯಿಯ ದನಿಯಲ್ಲಿ ಅಳು ಇರಲಿಲ್ಲ, ಒಂದು ಥರದ ಗೊಂದಲ ಇತ್ತು. "ಇಕಿ ಇಲ್ಲಿ ಹುಟ್ಯಾಳ ಅಂದ್ರ ಅಕಿ ಎಲ್ಲಿ ಹುಟ್ಟಿದಳ್ರಿ? ಒಂದೇ ಹೊಟ್ಟ್ಯಾಗಿಂದ ಬಂದಾರ. ಒಬ್ಬಾಕೀನ ಈ ಕಡೆ ಹ್ಯಾಂಗ ತರ್ಲಿ?"

ವೈಜಿನಾಥ ಭಾಷಾಂತರ ಮಾಡಲಿಲ್ಲ. ಅಧಿಕಾರಿಣಿ ಏನಂತೆ ಎಂದು ಅವನ ಕಡೆ ತಿರುಗಿದಳು. ಅವನು ಒಂದು ನಿಮಿಷ ಎಂದು ಕೈ ಮಾಡಿ, ದನಿ ತಗ್ಗಿಸಿ ಹೇಳಿದ: "ತಾಯಿ, ಇನ್ನೊಮ್ಮೆ ಕೇಳ್ತೀನಿ. ವಿಚಾರ ಮಾಡಿ ಹೇಳ್ರಿ. ಇಕಿ ಎಲ್ಲಿ ಹುಟ್ಯಾಳ?"

"ಆಚೀ ಕಡೆ."

ಅವನು ಅಷ್ಟನ್ನೇ ತೆಲುಗಿನಲ್ಲಿ ಹೇಳಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೀರಾ ಬೇರೆ ಸೀಟಿನಲ್ಲಿ ಕೂತಳು. ಇಷ್ಟು ವರ್ಷ ಹೆಸರೆತ್ತದ ಕೂಸು, ಉಸಿರಾಡುವ ಮಗಳಿಗಿಂತ ಹೆಚ್ಚಾಯಿತೇ? ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಸಂಗು ಚಹಾ ತರಲು ಹೋದ. ಆಗ ಅವಳು ಬಾಯಿ ಬಿಟ್ಟಳು.

"ನನಗ ಒಮ್ಮೆನಾದ್ರೂ ಹೇಳಬೇಕಿತ್ತಲ್ಲ ಯಾಡಿ. ಇವತ್ತೇ, ಅವರ ಮುಂದೇ ಹೇಳಬೇಕಿತ್ತೇನು?"

"ಏನಂತ ಹೇಳ್ಲಿ? ಹೇಳಾಕ ಅದಕ ಹೆಸರೂ ಇಟ್ಟಿರ್ಲಿಲ್ಲ," ಎಂದಳು ತಾರಾಬಾಯಿ. "ನೀ ಹೇಳಿಕೊಟ್ಟಿದ್ದು ಬಾಯಾಗ ಬಂದಿತ್ತು. ಬರೋಬರ್ ಬಂದಿತ್ತು. ಹೇಳಿದ್ರ ಅದು ಹುಟ್ಟೇ ಇಲ್ಲ ಅಂದಂಗ ಆಗ್ತಿತ್ತು."

ಹೀರಾ ಮುಖ ಆಚೆ ತಿರುಗಿಸಿದಳು.

ಪ್ರಮಾಣಪತ್ರ ರದ್ದಾಯಿತು. ವಿಶ್ವವಿದ್ಯಾಲಯ ಹೆಸರು ತೆಗೆಯಿತು. ಹಾಸ್ಟೆಲಿನ ಕೋಣೆ ಖಾಲಿ ಮಾಡುವಾಗ ವರದಾ ಮೇಡಂ ತಾವೇ ಬಂದು ಪುಸ್ತಕಗಳನ್ನು ಕಟ್ಟಿಕೊಟ್ಟರು, ಆಟೋದವರೆಗೂ ಹೊತ್ತರು. ಪ್ರಬಂಧದ ಮಾತು ಎತ್ತಲಿಲ್ಲ. ಅದು ಒಳ್ಳೆಯದೇ ಆಯಿತು.

ತಾಂಡಾಕ್ಕೆ ಬಂದರೆ ಅಲ್ಲಿ ಬೇರೆಯೇ ಬೆಂಕಿ. ಆಚೆಯಿಂದ ಬಂದ ಇತರ ಮನೆಗಳ ಬಗ್ಗೆಯೂ ವಿಚಾರಿಸಲು ಮಂಡಲ ಕಚೇರಿಯ ಮಂದಿ ಬಂದುಹೋಗಿದ್ದರು. ಒಬ್ಬರ ಮಗ ಪಂಗಡದ ಮಕ್ಕಳ ಗುರುಕುಲ ಶಾಲೆಯಲ್ಲಿದ್ದ, ಇನ್ನೊಬ್ಬರ ಮಗಳು ಪಂಗಡದ ಸೀಟಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನಲ್ಲಿಯ ಹತ್ತಿರ ತಾರಾಬಾಯಿ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಂದು ದಿನ ಅವಳ ತುಂಬಿದ ಕೊಡವನ್ನು ಯಾರೋ ಕಾಲಿನಿಂದ ಉರುಳಿಸಿದರು. ಅವಳು ಅದನ್ನು ಎತ್ತಿ, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತಳು.

ನಾಯಕ ಕಟ್ಟೆಗೆ ಕರೆಸಿದ. ತಾಂಡಾದವರೆಲ್ಲ ಸೇರಿದ್ದರು. ಅವನ ಮೀಸೆಯಲ್ಲಿ ಈಗ ನಗು ಇರಲಿಲ್ಲ.

"ಒಂದು ಮಾತು ತಾರಾಬಾಯಿ! ಒಂದು ಮಾತು ಹೇಳಿದ್ರ ನಿನ್ನ ಗಂಟಲ ಹರೀತಿತ್ತೇನು? ಸತ್ತ ಕೂಸಿನ ಸಲುವಾಗಿ ಬದುಕಿರೋ ಮಕ್ಕಳ ಅನ್ನ ಕಳದಿ. ನಿನ್ನ ಮಗಳಿಂದೂ ಕಳದಿ, ಮಂದೀದೂ ಕಳದಿ."

ತಾರಾಬಾಯಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಹಿಂದೆ ನಿಂತಿದ್ದ ಹೀರಾ ಆ ಮಾತು ಕೇಳಿ ಬೆಚ್ಚಿದಳು. ಬಸ್ಸಿನಲ್ಲಿ ತಾನು ಎಣಿಸಿದ್ದು ಅದನ್ನೇ. ಅಂದಿನಿಂದಲೂ ಮನಸ್ಸಿನಲ್ಲಿ ತಾಯಿಗೆ ಹೇಳುತ್ತಾ ಬಂದದ್ದು ಅದನ್ನೇ. ಇನ್ನೊಬ್ಬರ ಬಾಯಲ್ಲಿ, ಇಷ್ಟು ಮಂದಿಯ ನಡುವೆ ಕೇಳಿದಾಗ ಅದು ತಡೆಯಲಾರದಷ್ಟು ಹೊಲಸಾಗಿತ್ತು.

ಅವಳು ಮುಂದೆ ಬಂದು ತಾಯಿಯ ಪಕ್ಕ ನಿಂತಳು. "ಅಕೀಗ ಏನೂ ಅನಬ್ಯಾಡ ನಾಯಕ. ಸುಳ್ಳು ಹೇಳಾಕ ಹಚ್ಚಿದಾಕಿ ನಾನು. ಅಕಿ ತನ್ನ ಕೂಸಿನ ಮಾತು ಹೇಳ್ಯಾಳ. ಅದು ನನ್ನ ತಂಗಿ. ತಪ್ಪು ಇದ್ರ ಆ ಗೆರೀದು, ಅಕೀದಲ್ಲ."

"ಗೆರಿ ಯಾರಿಗಿ ಕಾಣ್ತದ? ಕೊಡ ಒಡದಾಕಿ ಕಾಣ್ತಾಳ," ಎಂದಿತು ಹಿಂದಿನಿಂದ ಒಂದು ದನಿ.

"ನಾಳೆ ಯಾರ ಮನೀಗಿ ವಿಚಾರಣಿ ಬಂದ್ರೂ ನಾ ಜೋಡಿ ಬರ್ತೀನಿ. ಮಾತಾಡ್ತೀನಿ."

"ನೀ ಏನು ಮಾತಾಡ್ತಿ ಪೋರಿ?" ನಾಯಕನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ನಿಂದೇ ಉಳೀಲಿಲ್ಲ."

ಮರುದಿನ ಹೀರಾ ವರದಾ ಮೇಡಂ ಹೇಳಿದ್ದ ವಕೀಲರಿಗೆ ಫೋನು ಮಾಡಿದಳು. ಅವರು ನಿಧಾನವಾಗಿ ಕೇಳಿಸಿಕೊಂಡರು. ಗೆರೆ ಬೀಳುವ ಮೊದಲು ಎರಡೂ ತಾಂಡಾ ಒಂದೇ ಜಿಲ್ಲೆಯಲ್ಲಿದ್ದವು ಎಂಬುದರ ಮೇಲೆ ಹೈಕೋರ್ಟಿಗೆ ಹೋಗಬಹುದು, ಗೆಲ್ಲುವುದು ಕಷ್ಟ, ಒಬ್ಬಳೇ ಹೋಗುವುದಕ್ಕಿಂತ ನಾಲ್ಕಾರು ಮನೆಯವರು ಸೇರಿದರೆ ಮೇಲು ಎಂದರು. ಹೀರಾ ಆಚೆಯಿಂದ ಬಂದ ಮನೆಗಳಿಗೆಲ್ಲ ಹೋದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ನರ್ಸಿಂಗ್ ಓದುವ ಹುಡುಗಿಯ ತಂದೆ ಮಾತ್ರ ಒಳಗೆ ಕರೆದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ.

ಸುನಂದಾಳ ಫೋನು ಬಂದದ್ದು ಆಮೇಲೆ. "ನನಗೂ ಕೊಡ್ಲಿಲ್ಲ," ಎಂದಳು. "ಒಂದೂವರಿ ವರ್ಷದ ಪಾಠ ಮುಗಿದದ ಅಂತ ಸೀಟು ಖಾಲಿ ಇಟ್ಟಾರ. ಮುಂದಿನ ವರ್ಷ ಮತ್ತ ಪರೀಕ್ಷಾ ಬರೀರಿ ಅಂತಾರ."

ಹೀರಾಳಿಗೆ ಒಂದು ಕ್ಷಣ ಖುಷಿಯಾಯಿತು. ಸ್ವಚ್ಛವಾದ, ಕೆಟ್ಟ ಖುಷಿ. ಅದು ಇಳಿದ ಮೇಲೆ ಒಳಗೆಲ್ಲ ಬರಿದಾಯಿತು.

"ಬರೀತಿ ಏನು?"

"ಅಷ್ಟ್ರಾಗ ಮದುವಿ ಆಗ್ತದ." ಆಚೆ ಮಕ್ಕಳ ಗದ್ದಲ ಕೇಳುತ್ತಿತ್ತು. "ನಾ ದೂರು ಕೊಟ್ಟಿದ್ದು ತಪ್ಪಂತ ಅನ್ನಾಕ ಫೋನ್ ಮಾಡಿಲ್ಲ."

"ಗೊತ್ತದ."

"ಮತ್ತ ಯಾಕ ಮಾಡೀನಿ ಅಂತ ನನಗೂ ಗೊತ್ತಿಲ್ಲ," ಎಂದಳು ಸುನಂದಾ.

ಬೇಸಿಗೆಗೆ ಸಂಗು ಹೆಂಡತಿ ಮಗಳನ್ನು ತಾಂಡೂರಿಗೆ ಕರೆದುಕೊಂಡು ಹೋದ. ಪಾಲಿಶ್ ಕಾರ್ಖಾನೆಯ ಹಿಂದೆ ಒಂದೇ ಕೋಣೆಯ ಮನೆ. ಕಲ್ಲು ಕೊಯ್ಯುವ ಸದ್ದಿನಲ್ಲಿ ಮಾತಾಡಬೇಕಾದರೆ ದನಿ ಏರಿಸಬೇಕು. ಹೀರಾ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಲು ಸೇರಿದಳು. ವಕೀಲರು ಕರೆದಾಗ ರಜೆ ಹಾಕಿ ಹೈದರಾಬಾದಿಗೆ ಹೋಗುತ್ತಾಳೆ, ದಿನಾಂಕ ಮುಂದೆ ಹೋಗಿದೆ ಎಂದು ಕೇಳಿ ತಿರುಗಿ ಬರುತ್ತಾಳೆ.

ತಾರಾಬಾಯಿ ಈಗೀಗ ಆ ಕೂಸಿನ ಮಾತು ಆಡುತ್ತಾಳೆ. ರೊಟ್ಟಿ ಬಡಿಯುತ್ತಾ, ಯಾರೂ ಕೇಳದಿದ್ದರೂ. ಅದರ ಕೂದಲು ದಟ್ಟ ಇತ್ತು, ನಿನ್ನದಕ್ಕಿಂತ ದಟ್ಟ. ಬೆರಳು ಉದ್ದ. ನೀನು ಅತ್ತಾಗ ಅದು ಕಣ್ಣು ತೆರೆಯುತ್ತಿತ್ತು. ಯಂತ್ರದ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಹೀರಾ ಮಕ್ಕಳ ಉತ್ತರಪತ್ರಿಕೆ ಬದಿಗಿಟ್ಟು ಒಲೆಯ ಹತ್ತಿರ ಸರಿದು ಕೂತು, "ಏನಂದಿ? ಮತ್ತೊಮ್ಮೆ ಹೇಳು," ಎನ್ನುತ್ತಾಳೆ.